ಸೆಲ್ಫ್ ಒತ್ತಿದ್ರೆ ‘ಸುಯ್’ ಅನ್ನುತ್ತೆ, ಇಂಜಿನ್ ಮಾತ್ರ ತಿರುಗಲ್ಲ: ಎಟಿವಿ ಸ್ಟಾರ್ಟರ್ ಕ್ಲಚ್ ಬದಲಿಸೋದು ಹೇಗೆ? ಇಲ್ಲಿದೆ ಪೂರ್ತಿ ವಿವರ

ಸಕಲೇಶಪುರ: ಮಲೆನಾಡಿನ ಹೋಮ್‌ಸ್ಟೇ, ರೆಸಾರ್ಟ್‌ಗಳಲ್ಲಿ ಈಗ ನಾಲ್ಕು ದಪ್ಪ ಚಕ್ರದ ಎಟಿವಿ ಗಾಡಿ ಮಾಮೂಲಿ. ವೀಕೆಂಡ್‌ಗೆ ಬಂದ ಅತಿಥಿಗಳಿಗೆ ಎಸ್ಟೇಟ್ ಒಳಗೆ ಒಂದು ರೌಂಡ್ ಹೊಡೆಸೋಕೆ, ಕೆಲವು ಕಡೆ ತೋಟಕ್ಕೆ ಗೊಬ್ಬರ, ಪೈಪು ಸಾಗಿಸೋಕೂ ಇದೇ ಗಾಡಿ. ಶನಿವಾರ ಬೆಳಿಗ್ಗೆ ಅತಿಥಿ ಹೆಲ್ಮೆಟ್ ಹಾಕಿ ಕೂತ ಮೇಲೆ ಸೆಲ್ಫ್ ಬಟನ್ ಒತ್ತಿದ್ರೆ ‘ಸುಯ್’ ಅಂತ ಮೋಟಾರ್ ಮಾತ್ರ ತಿರುಗಿ ಇಂಜಿನ್ ಅಲ್ಲಾಡದೇ ಇದ್ದರೆ ಆ ದಿನದ ದುಡಿಮೆ ಹೋದಂತೆಯೇ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಬ್ಯಾಟರಿ ಬದಲಿಸ್ತಾರೆ. ಸರಿ ಹೋಗಲಿಲ್ಲ ಅಂದ್ರೆ ಸ್ಟಾರ್ಟರ್ ಮೋಟಾರ್ ಬದಲಿಸ್ತಾರೆ. ಎರಡಕ್ಕೂ ದುಡ್ಡು ಹೋಗುತ್ತೆ, ಗಾಡಿ ಮಾತ್ರ ಹಾಗೇ ನಿಂತಿರುತ್ತೆ. ಯಾಕಂದ್ರೆ ತೊಂದರೆ ಇರೋದು ಇವೆರಡರಲ್ಲೂ ಅಲ್ಲ. ಮ್ಯಾಗ್ನೆಟ್ ಹಿಂದೆ ಕಣ್ಣಿಗೆ ಕಾಣದ ಜಾಗದಲ್ಲಿ ಕೂತಿರುವ ಸ್ಟಾರ್ಟರ್ ಕ್ಲಚ್‌ನಲ್ಲಿ. ಇದನ್ನೇ ಗ್ಯಾರೇಜುಗಳಲ್ಲಿ ಒನ್‌ವೇ ಕ್ಲಚ್, ಸ್ಪ್ರ್ಯಾಗ್ ಕ್ಲಚ್, ಒನ್‌ವೇ ಬೇರಿಂಗ್ ಅಂತೆಲ್ಲ ಕರೀತಾರೆ.

ಎಟಿವಿ ಇಲ್ಲದವರಿಗೂ ಈ ಮಾಹಿತಿ ಬೇಕಾಗುತ್ತೆ. ಸೆಲ್ಫ್ ಸ್ಟಾರ್ಟ್ ಇರುವ ಎಷ್ಟೋ ಬೈಕ್‌ಗಳಲ್ಲಿ ಇರೋದು ಇದೇ ವ್ಯವಸ್ಥೆ.

ಏನಿದು ಸ್ಟಾರ್ಟರ್ ಕ್ಲಚ್?

ಸೈಕಲ್‌ನ ಫ್ರೀವೀಲ್ ಎಲ್ಲರಿಗೂ ಗೊತ್ತು. ಪೆಡಲ್ ಮುಂದಕ್ಕೆ ತುಳಿದರೆ ಚಕ್ರ ತಿರುಗುತ್ತೆ. ತುಳಿಯೋದು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಓಡುತ್ತೆ, ಪೆಡಲ್ ತಿರುಗಲ್ಲ. ಸ್ಟಾರ್ಟರ್ ಕ್ಲಚ್ ಕೆಲಸವೂ ಅಷ್ಟೇ. ಇಲ್ಲಿ ಪೆಡಲ್ ಜಾಗದಲ್ಲಿ ಸ್ಟಾರ್ಟರ್ ಮೋಟಾರ್, ಚಕ್ರದ ಜಾಗದಲ್ಲಿ ಇಂಜಿನ್ ಇರುತ್ತೆ.

ಬಟನ್ ಒತ್ತಿದಾಗ ಸ್ಟಾರ್ಟರ್ ಮೋಟಾರ್ ಒಂದು ಚಿಕ್ಕ ಐಡ್ಲರ್ ಗೇರ್ ತಿರುಗಿಸುತ್ತೆ. ಅದು ಮ್ಯಾಗ್ನೆಟ್ ಅಂದ್ರೆ ಫ್ಲೈವೀಲ್ ಹಿಂದಿರುವ ದೊಡ್ಡ ಗೇರ್ ತಿರುಗಿಸುತ್ತೆ. ಚಿಕ್ಕ 110 ಸಿಸಿ ಎಟಿವಿಗಳಲ್ಲಿ ಕೆಲವಕ್ಕೆ ಗೇರ್ ಬದಲು ಚೈನ್ ಇರುತ್ತೆ. ಈ ದೊಡ್ಡ ಗೇರಿನ ಮಧ್ಯದ ಹಬ್ ಸ್ಟಾರ್ಟರ್ ಕ್ಲಚ್ ಒಳಗೆ ಕೂತಿರುತ್ತೆ. ಕ್ಲಚ್‌ನ ಹೊರಭಾಗವನ್ನು ಫ್ಲೈವೀಲ್‌ಗೆ ಬೋಲ್ಟ್ ಮಾಡಿರ್ತಾರೆ.

ಕ್ಲಚ್ ಒಳಗೆ ಉಕ್ಕಿನ ಚಿಕ್ಕ ರೋಲರ್‌ಗಳು ಇಲ್ಲವೇ ಸ್ಪ್ರ್ಯಾಗ್ ಅನ್ನುವ ಬೀಜದಾಕಾರದ ತುಂಡುಗಳು ಇರುತ್ತವೆ. ಹಿಂದಿನಿಂದ ಸ್ಪ್ರಿಂಗ್ ತಳ್ತಾ ಇರುತ್ತೆ. ಮೋಟಾರ್ ತಿರುಗಿಸಿದಾಗ ಇವು ಹಬ್‌ಗೂ ಹೊರಭಾಗಕ್ಕೂ ನಡುವೆ ಬೆಣೆ ಹೊಡೆದ ಹಾಗೆ ಬಿಗಿಯಾಗಿ ಸಿಕ್ಕಿಕೊಳ್ತವೆ. ಆಗ ಇಂಜಿನ್ ತಿರುಗುತ್ತೆ. ಇಂಜಿನ್ ಸ್ಟಾರ್ಟ್ ಆಗಿ ಮೋಟಾರ್‌ಗಿಂತ ಜೋರಾಗಿ ತಿರುಗಿದ ತಕ್ಷಣ ಬೆಣೆ ಸಡಿಲವಾಗುತ್ತೆ, ಮೋಟಾರ್ ಬಿಡುಗಡೆ ಆಗುತ್ತೆ.

ರೋಲರ್ ಸವೆದರೆ, ಸ್ಪ್ರಿಂಗ್ ಸೋತರೆ ಅಥವಾ ಹಬ್‌ನ ನುಣುಪಾದ ಮೈ ಮೇಲೆ ಗುಳಿ ಬಿದ್ದರೆ ಬೆಣೆ ಹಿಡಿಯಲ್ಲ. ಮೋಟಾರ್ ತಿರುಗುತ್ತೆ, ಇಂಜಿನ್ ತಿರುಗಲ್ಲ.

ತೊಂದರೆ ಎಲ್ಲಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತೆ

ಬಿಚ್ಚೋಕೆ ಮುಂಚೆ ಕಿವಿ ಕೊಟ್ಟು ಕೇಳಿ. ಅರ್ಧ ಖರ್ಚು ಅಲ್ಲೇ ಉಳಿಯುತ್ತೆ.

* ಬಟನ್ ಒತ್ತಿದರೆ ಏನೂ ಸದ್ದಿಲ್ಲ: ಫ್ಯೂಸ್, ಕಿಲ್ ಸ್ವಿಚ್, ಬಟನ್ ನೋಡಿ. ಹೆಚ್ಚಿನ ಎಟಿವಿಗಳು ಬ್ರೇಕ್ ಹಿಡಿದಾಗ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಸ್ಟಾರ್ಟ್ ಆಗ್ತವೆ. ಕೆಸರು ತುಂಬಿ ಬ್ರೇಕ್ ಸ್ವಿಚ್ ಕೆಟ್ಟಿದ್ದರೂ ಹೀಗೆ ಆಗುತ್ತೆ.

* ಬರೀ ‘ಟಕ್ ಟಕ್’ ಸದ್ದು: ಬ್ಯಾಟರಿ ವೀಕ್, ಟರ್ಮಿನಲ್ ಸಡಿಲ ಅಥವಾ ಸ್ಟಾರ್ಟರ್ ರಿಲೇ ತೊಂದರೆ.

* ಇಂಜಿನ್ ತಿರುಗುತ್ತೆ, ಆದ್ರೆ ಏದುಸಿರು ಬಿಟ್ಟ ಹಾಗೆ ನಿಧಾನ: ಬ್ಯಾಟರಿ, ಅರ್ತ್ ವೈರ್ ಅಥವಾ ಮೋಟಾರ್‌ನ ಕಾರ್ಬನ್ ಬ್ರಷ್.

* ಮೋಟಾರ್ ಜೋರಾಗಿ ‘ಸುಯ್’ ಅನ್ನುತ್ತೆ, ಇಂಜಿನ್ ಅಲ್ಲಾಡಲ್ಲ: ಸ್ಟಾರ್ಟರ್ ಕ್ಲಚ್ ಮೇಲೆ ಅನುಮಾನ ಪಡಬೇಕಾದದ್ದು ಇಲ್ಲಿ. ಮೋಟಾರ್ ಅಷ್ಟು ಜೋರಾಗಿ ತಿರುಗ್ತಿದೆ ಅಂದ್ರೆ ಅದು ಚೆನ್ನಾಗೇ ಇದೆ ಅಂತ ಅರ್ಥ. ಅದನ್ನು ಬದಲಿಸಿ ಪ್ರಯೋಜನ ಇಲ್ಲ.

* ಮೂರು ಸಲ ಜಾರಿ ನಾಲ್ಕನೇ ಸಲ ಹಿಡಿಯುತ್ತೆ, ಮಧ್ಯೆ ‘ಕಡ್ ಕಡ್’ ಸದ್ದು: ಕ್ಲಚ್ ಸವೆಯೋಕೆ ಶುರುವಾಗಿರುವ ಲಕ್ಷಣ. ಈ ಹಂತದಲ್ಲೇ ಬಿಚ್ಚಿದರೆ ಗೇರ್ ಉಳಿಯೋ ಸಾಧ್ಯತೆ ಹೆಚ್ಚು.

* ಇಂಜಿನ್ ಸ್ಟಾರ್ಟ್ ಆದ ಮೇಲೂ ಕೂಗುವ ಸದ್ದು ನಿಲ್ಲಲ್ಲ: ಕ್ಲಚ್ ಬಿಡ್ತಾ ಇಲ್ಲ, ಅಥವಾ ರಿಲೇ ಅಂಟಿಕೊಂಡಿದೆ. ತಕ್ಷಣ ಆಫ್ ಮಾಡಿ. ಹಾಗೇ ಓಡಿಸಿದರೆ ಸ್ಟಾರ್ಟರ್ ಮೋಟಾರ್ ಸುಟ್ಟು ಹೋಗುತ್ತೆ.

ಮಲ್ಟಿಮೀಟರ್ ಇದ್ದರೆ ಬ್ಯಾಟರಿ ಪರೀಕ್ಷೆಗೆ ಐದು ನಿಮಿಷ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12 ವೋಲ್ಟ್ ಹತ್ತಿರ ಇದ್ದರೆ ಚಾರ್ಜ್ ಬಹುತೇಕ ಖಾಲಿ. ಸೆಲ್ಫ್ ಒತ್ತಿದಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಇದು ಸರಿ ಇದ್ದೂ ‘ಸುಯ್’ ಅಂದ್ರೆ ಮಾತ್ರ ಮುಂದಿನ ಕೆಲಸಕ್ಕೆ ಕೈ ಹಾಕಿ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಕೆಲವು ಇಂಜಿನ್‌ಗಳಲ್ಲಿ ಸ್ಟಾರ್ಟರ್ ಮೋಟಾರ್ ಬಿಚ್ಚಿದರೆ ಆ ತೂತಿನಲ್ಲೇ ಐಡ್ಲರ್ ಗೇರ್ ಸಿಗುತ್ತೆ. ಅದನ್ನು ಕೈಯಲ್ಲಿ ತಿರುಗಿಸಿದರೆ ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಇಂಜಿನ್ ಭಾರ ಸಿಗಬೇಕು. ಎರಡೂ ಕಡೆಗೆ ಸಲೀಸಾಗಿ ತಿರುಗಿದರೆ ಕ್ಲಚ್ ಹೋಗಿದೆ, ಇಲ್ಲವೇ ಒಳಗೆ ಗೇರ್ ಹಲ್ಲು ಮುರಿದಿದೆ.

ಕೆಲವು ದೊಡ್ಡ ಇಂಜಿನ್‌ಗಳಲ್ಲಿ ಐಡ್ಲರ್ ಗೇರ್ ಒಳಗೇ ಟಾರ್ಕ್ ಲಿಮಿಟರ್ ಇರುತ್ತೆ. ಅದು ಸವೆದು ಜಾರಿದರೂ ಇದೇ ಲಕ್ಷಣ. ಇನ್ನು ಕೆಲವು ಎಟಿವಿಗಳಲ್ಲಿ ಒನ್‌ವೇ ಕ್ಲಚ್ ಬದಲು ಬೆಂಡಿಕ್ಸ್ ವ್ಯವಸ್ಥೆ ಇರುತ್ತೆ. ಸ್ಪೇರ್ ತರಿಸೋಕೆ ಮುಂಚೆ ನಿಮ್ಮ ಮಾಡೆಲ್‌ನಲ್ಲಿ ಏನಿದೆ ಅಂತ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಯಾಕೆ ಬೇಗ ಸವೆಯುತ್ತೆ?

ಮೊದಲ ಕಾರಣ ವೀಕ್ ಬ್ಯಾಟರಿ. ಚಾರ್ಜ್ ಕಡಿಮೆ ಇದ್ದಾಗ ಮೋಟಾರ್ ಇಂಜಿನನ್ನು ನಿಧಾನಕ್ಕೆ ತಿರುಗಿಸುತ್ತೆ. ಪಿಸ್ಟನ್ ಕಂಪ್ರೆಷನ್ ದಾಟೋಕೆ ಆಗದೇ ಹಿಂದಕ್ಕೆ ಒದೆಯುತ್ತೆ. ಕ್ಲಚ್ ಆಗ ಬಿಗಿ ಹಿಡಿದಿರುತ್ತೆ, ಆ ಹೊಡೆತ ಪೂರ್ತಿ ರೋಲರ್ ಮೇಲೆ ಬೀಳುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್‌ನಲ್ಲಿ ನಿಂತ ಗಾಡಿಯನ್ನು ಸೀಸನ್ ಶುರುವಾದಾಗ ಹಾಗೇ ಸೆಲ್ಫ್ ಹೊಡೆಯೋದು ಕ್ಲಚ್‌ಗೆ ಕೊಡುವ ದೊಡ್ಡ ಪೆಟ್ಟು.

ಎರಡನೆಯದು ಬಟನ್ ಒತ್ತುವ ರೀತಿ. ಒಮ್ಮೆಗೆ 5 ಸೆಕೆಂಡ್‌ಗಿಂತ ಹೆಚ್ಚು ಒತ್ತಬಾರದು. ಸ್ಟಾರ್ಟ್ ಆಗದಿದ್ದರೆ ಕನಿಷ್ಠ 10 ಸೆಕೆಂಡ್ ಬಿಟ್ಟು ಮತ್ತೆ ಒತ್ತಬೇಕು. ಅತಿಥಿಗಳ ಕೈಗೆ ಗಾಡಿ ಕೊಟ್ಟಾಗ ಈ ನಿಯಮ ಯಾರೂ ಪಾಲಿಸಲ್ಲ. ಓಡ್ತಿರುವ ಇಂಜಿನ್‌ಗೇ ಮತ್ತೆ ಸೆಲ್ಫ್ ಒತ್ತುವವರೂ ಇದ್ದಾರೆ. ಸ್ಟಾರ್ಟ್ ಮಾಡುವ ಕೆಲಸ ನಿಮ್ಮ ಸಿಬ್ಬಂದಿಯೇ ಮಾಡಲಿ.

ಮೂರನೆಯದು ಆಯಿಲ್. ಹೆಚ್ಚಿನ ಗಾಡಿಗಳಲ್ಲಿ ಸ್ಟಾರ್ಟರ್ ಕ್ಲಚ್ ಇಂಜಿನ್ ಆಯಿಲ್‌ನಲ್ಲೇ ನೆನೆದಿರುತ್ತೆ. ಕಾರಿಗೆ ತಂದು ಉಳಿದ ಆಯಿಲ್ ಸುರಿದರೆ ಅದರಲ್ಲಿರುವ ಜಾರುವ ರಾಸಾಯನಿಕ ತೊಂದರೆ ಕೊಡಬಹುದು. ವೆಟ್ ಕ್ಲಚ್ ಇರುವ ಇಂಜಿನ್ ಆದರೆ ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ಗ್ರೇಡ್ ಮ್ಯಾನುಯಲ್‌ನಲ್ಲಿ ಹೇಳಿದ್ದೇ ಇರಲಿ.

ನಾಲ್ಕನೆಯದು ನೀರು. ಹಳ್ಳ ದಾಟಿಸಿದ ಮೇಲೆ ಆಯಿಲ್ ಬಣ್ಣ ಹಾಲು ಬೆರೆಸಿದ ಕಾಫಿಯಂತೆ ಆಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಹಾಗೇ ಓಡಿಸಿದರೆ ಸ್ಟಾರ್ಟರ್ ಕ್ಲಚ್ ಅಷ್ಟೇ ಅಲ್ಲ, ಬೇರಿಂಗ್‌ಗಳೂ ಹೋಗ್ತವೆ.

ಕೊನೆಯದು ಸಡಿಲ ಬೋಲ್ಟ್. ಕ್ಲಚ್ ಅನ್ನು ಫ್ಲೈವೀಲ್‌ಗೆ ಹಿಡಿದಿರುವ ಬೋಲ್ಟ್‌ಗಳು ಲೂಸ್ ಆದರೆ ಕ್ಲಚ್ ಅಲ್ಲಾಡಿ ಅಲ್ಲಾಡಿ ಹಾಳಾಗುತ್ತೆ. ಹಿಂದೆ ಯಾರೋ ರಿಪೇರಿ ಮಾಡಿದವರು ಲಾಕ್‌ಟೈಟ್‌ನಂಥ ಥ್ರೆಡ್ ಲಾಕರ್ ಹಚ್ಚದೆ ಹಾಕಿದ್ದರೆ ಹೀಗಾಗುತ್ತೆ.

ಏನೇನು ಬೇಕು?

ಸಾಕೆಟ್ ಸೆಟ್, ಅಲೆನ್ ಕೀ ಸೆಟ್, ಸರ್ಕ್ಲಿಪ್ ಪ್ಲೈಯರ್, ಟಾರ್ಕ್ ರೆಂಚ್, ಆಯಿಲ್ ಹಿಡಿಯೋಕೆ ಅಗಲ ಟ್ರೇ, ಬ್ರೇಕ್ ಕ್ಲೀನರ್ ಸ್ಪ್ರೇ, ಥ್ರೆಡ್ ಲಾಕರ್, ಒಣ ಬಟ್ಟೆ. ಇವೆಲ್ಲ ಸಾಮಾನ್ಯವಾಗಿ ಸಿಗುತ್ತವೆ.

ಇವುಗಳ ಜೊತೆ ಎರಡು ವಿಶೇಷ ಟೂಲ್ ಬೇಕೇ ಬೇಕು. ಒಂದು, ಫ್ಲೈವೀಲ್ ತಿರುಗದಂತೆ ಹಿಡಿಯುವ ಹೋಲ್ಡರ್. ಎರಡು, ಆ ಮಾಡೆಲ್‌ಗೇ ಹೊಂದುವ ಮ್ಯಾಗ್ನೆಟ್ ಪುಲ್ಲರ್. ಪುಲ್ಲರ್ ಥ್ರೆಡ್ ಅಳತೆ ಗಾಡಿಯಿಂದ ಗಾಡಿಗೆ ಬೇರೆ. ಎಡ ಥ್ರೆಡ್ ಇರುವವೂ ಇವೆ. ಸುಮಾರಾಗಿ ಹೊಂದುತ್ತೆ ಅಂತ ಬಲವಂತ ಮಾಡಿದರೆ ಫ್ಲೈವೀಲ್ ಥ್ರೆಡ್ ಕಿತ್ತು ಬರುತ್ತೆ.

ಪುಲ್ಲರ್ ಇಲ್ಲ ಅಂತ ಸುತ್ತಿಗೆಯಲ್ಲಿ ಹೊಡೆಯೋದು, ಸ್ಕ್ರೂಡ್ರೈವರ್ ಹಾಕಿ ಮೀಟೋದು ಬೇಡವೇ ಬೇಡ. ಮ್ಯಾಗ್ನೆಟ್ ಸೀಳುತ್ತೆ, ಕ್ರ್ಯಾಂಕ್ ತುದಿ ಹಾಳಾಗುತ್ತೆ. ಚಿಕ್ಕ ಕೆಲಸ ಇಂಜಿನ್ ಪೂರ್ತಿ ಇಳಿಸುವ ಕೆಲಸ ಆಗುತ್ತೆ.

ಸ್ಪೇರ್‌ನಲ್ಲಿ ಸ್ಟಾರ್ಟರ್ ಕ್ಲಚ್ ಸೆಟ್, ಹೊಸ ಕವರ್ ಗ್ಯಾಸ್ಕೆಟ್, ಆಯಿಲ್, ಆಯಿಲ್ ಫಿಲ್ಟರ್ ಬೇಕು. ದೊಡ್ಡ ಗೇರ್ ಬೇಕಾ ಬೇಡವಾ ಅನ್ನೋದು ಬಿಚ್ಚಿ ನೋಡಿದ ಮೇಲೆ ತೀರ್ಮಾನ.

ಬಿಚ್ಚುವ ಕ್ರಮ

1. ಗಾಡಿಯನ್ನು ಮೊದಲು ಚೆನ್ನಾಗಿ ತೊಳೆದು ಒಣಗಿಸಿ. ಕವರ್ ತೆಗೆದಾಗ ಒಂದು ಹಿಡಿ ಮಣ್ಣು ಒಳಗೆ ಬಿದ್ದರೂ ಮಾಡಿದ ಕೆಲಸ ದಂಡ.

2. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ತಣ್ಣಗಾಗಲಿ. ಕೀ ತೆಗೆದಿಡಿ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಿ.

3. ಸೈಡ್ ಪ್ಯಾನಲ್, ಕಾಲಿಡುವ ಫುಟ್‌ವೆಲ್ ತೆಗೆಯಿರಿ. ಇಂಜಿನ್ ಆಯಿಲ್ ಇಳಿಸಿ. ಕವರ್‌ನಲ್ಲೇ ವಾಟರ್ ಪಂಪ್ ಇರುವ ಮಾಡೆಲ್ ಆದರೆ ಕೂಲಂಟ್ ಕೂಡ ಇಳಿಸಬೇಕು.

4. ಮ್ಯಾಗ್ನೆಟ್ ಕಡೆಯ ವೈರ್ ಕಪ್ಲರ್ ಬಿಚ್ಚಿ. ಬಿಚ್ಚೋಕೆ ಮುಂಚೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

5. ಕವರ್ ಬೋಲ್ಟ್‌ಗಳ ಉದ್ದ ಒಂದೇ ಇರಲ್ಲ. ರಟ್ಟಿನ ಮೇಲೆ ಕವರ್ ಚಿತ್ರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಬೋಲ್ಟ್ ಚುಚ್ಚಿಡಿ. ಉದ್ದ ಬೋಲ್ಟನ್ನು ಗಿಡ್ಡ ಬೋಲ್ಟ್ ಜಾಗಕ್ಕೆ ಹಾಕಿ ಬಿಗಿದರೆ ಕೇಸಿಂಗ್ ಒಡೆಯುತ್ತೆ.

6. ಕವರ್ ಎಳೆಯುವಾಗ ಜೋಪಾನ. ಒಳಗಿನ ಮ್ಯಾಗ್ನೆಟ್ ಅದನ್ನು ಬಲವಾಗಿ ಹಿಂದಕ್ಕೆ ಎಳೆಯುತ್ತೆ, ಬೆರಳು ಸಿಕ್ಕಿಕೊಂಡರೆ ಪೆಟ್ಟಾಗುತ್ತೆ. ಕವರ್ ಬಂದಾಗ ಡೋವೆಲ್ ಪಿನ್, ವಾಷರ್, ಐಡ್ಲರ್ ಗೇರ್ ಕೆಳಗೆ ಬೀಳಬಹುದು. ಯಾವ ವಾಷರ್ ಎಲ್ಲಿತ್ತು ಅಂತ ಗುರುತು ಮಾಡಿಕೊಳ್ಳಿ.

7. ಹೋಲ್ಡರ್‌ನಲ್ಲಿ ಫ್ಲೈವೀಲ್ ಹಿಡಿದು ಮಧ್ಯದ ನಟ್ ಅಥವಾ ಬೋಲ್ಟ್ ಬಿಚ್ಚಿ.

8. ಪುಲ್ಲರನ್ನು ಕೈಯಲ್ಲೇ ಕೊನೆಯವರೆಗೂ ತಿರುಗಿಸಿ ಕೂರಿಸಿ. ನಾಲ್ಕು ಸುತ್ತು ಹಿಡಿದರೆ ಸಾಲದು. ಆಮೇಲೆ ಮಧ್ಯದ ಬೋಲ್ಟ್ ಬಿಗಿಯುತ್ತಾ ಹೋಗಿ. ‘ಟಕ್’ ಅಂತ ಒಂದು ಸದ್ದು ಬಂದು ಫ್ಲೈವೀಲ್ ಬಿಡುತ್ತೆ.

9. ಕ್ರ್ಯಾಂಕ್ ಮೇಲೆ ಅರ್ಧ ಚಂದ್ರಾಕಾರದ ಚಿಕ್ಕ ಕೀ ಇರುತ್ತೆ. ಇದನ್ನು ಮೊದಲು ತೆಗೆದು ಡಬ್ಬಿಯಲ್ಲಿ ಹಾಕಿ. ಮ್ಯಾಗ್ನೆಟ್‌ಗೆ ಅಂಟಿಕೊಂಡು ಎಲ್ಲೋ ಸೇರಿಕೊಳ್ಳೋದು ಇದರ ಅಭ್ಯಾಸ. ಕೀ ಜಜ್ಜಿದ್ದರೆ ಹೊಸದು ಹಾಕಲೇಬೇಕು, ಇಲ್ಲದಿದ್ದರೆ ಇಗ್ನಿಷನ್ ಟೈಮಿಂಗ್ ತಪ್ಪುತ್ತೆ.

ಬಿಚ್ಚಿದ ಮೇಲೆ ಏನು ನೋಡಬೇಕು?

ಫ್ಲೈವೀಲನ್ನು ಮೇಜಿನ ಮೇಲಿಟ್ಟು ಒಂದು ಕೈಯಲ್ಲಿ ಹಿಡಿದುಕೊಳ್ಳಿ, ಇನ್ನೊಂದು ಕೈಯಲ್ಲಿ ದೊಡ್ಡ ಗೇರ್ ತಿರುಗಿಸಿ. ಇಂಜಿನ್ ತಿರುಗುವ ದಿಕ್ಕಿಗೆ ತಿರುಗಿಸಿದಾಗ ತಕ್ಷಣ ಲಾಕ್ ಆಗಬೇಕು. ವಿರುದ್ಧ ದಿಕ್ಕಿಗೆ ಸಲೀಸಾಗಿ ಬರಬೇಕು. ಎರಡೂ ಕಡೆ ಬಂದರೆ ಅಥವಾ ಜಾರಿ ಜಾರಿ ಹಿಡಿದರೆ ಕ್ಲಚ್ ಮುಗಿದಿದೆ.

ಸಲೀಸು ದಿಕ್ಕಿಗೆ ತಿರುಗಿಸುತ್ತಲೇ ಗೇರನ್ನು ಮೇಲಕ್ಕೆ ಎಳೆಯಿರಿ, ಹೊರಗೆ ಬರುತ್ತೆ. ಆಮೇಲೆ ಒಂದೊಂದಾಗಿ ನೋಡಿ.

ರೋಲರ್ ಅಥವಾ ಸ್ಪ್ರ್ಯಾಗ್ ಮೇಲೆ ಚಪ್ಪಟೆ ಗೆರೆ ಬಿದ್ದಿದೆಯಾ? ಸ್ಪ್ರಿಂಗ್ ಮುರಿದಿದೆಯಾ? ಗೇರಿನ ಹಬ್ ಮೇಲೆ ಬೆರಳಾಡಿಸಿ, ಉಗುರಿಗೆ ಗುಳಿ, ಗೀರು ಸಿಗ್ತಿದೆಯಾ? ಸಿಕ್ಕರೆ ಕ್ಲಚ್ ಜೊತೆ ಗೇರನ್ನೂ ಬದಲಿಸಬೇಕು. ಹಳೇ ಗುಳಿ ಬಿದ್ದ ಹಬ್ ಮೇಲೆ ಹೊಸ ರೋಲರ್ ಹಾಕೋದು ಸವೆದ ಚೈನ್ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದ ಹಾಗೆ. ಸ್ವಲ್ಪ ದಿನ ಓಡಿ ಮತ್ತೆ ಜಾರುತ್ತೆ, ಲೇಬರ್ ಚಾರ್ಜ್ ಎರಡು ಸಲ.

ಗೇರ್ ಒಳಗಿನ ಬುಷ್ ಅಥವಾ ನೀಡಲ್ ಬೇರಿಂಗ್, ಐಡ್ಲರ್ ಗೇರಿನ ಹಲ್ಲುಗಳನ್ನೂ ಪರೀಕ್ಷಿಸಿ.

ರೋಲರ್ ಎಣಿಸೋದು ಮರೀಬೇಡಿ. ಒಂದು ಕಡಿಮೆ ಇದ್ದರೆ ಅದು ಇಂಜಿನ್ ಒಳಗೇ ಎಲ್ಲೋ ಇದೆ. ಹೆಚ್ಚಾಗಿ ಫ್ಲೈವೀಲ್ ಮ್ಯಾಗ್ನೆಟ್‌ಗೆ ಅಂಟಿರುತ್ತೆ, ಇಲ್ಲವಾದರೆ ಆಯಿಲ್ ಸಂಪ್‌ನಲ್ಲಿ. ಅದು ಸಿಗುವವರೆಗೆ ಕವರ್ ಮುಚ್ಚಬಾರದು.

ಜೋಡಿಸುವ ಕ್ರಮ

1. ಹೊಸ ಕ್ಲಚ್‌ಗೆ ದಿಕ್ಕು ಇದೆ. ಬಾಣದ ಗುರುತು ಅಥವಾ ಅಂಚಿನ ಫ್ಲ್ಯಾಂಜ್ ಹಳೆಯದರಲ್ಲಿ ಯಾವ ಕಡೆಗಿತ್ತೋ ಅದೇ ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಸೆಲ್ಫ್ ಹಿಡಿಯಲ್ಲ. ಕಿಕ್ ಹೊಡೆದು ಅಥವಾ ಹಗ್ಗ ಎಳೆದು ಸ್ಟಾರ್ಟ್ ಮಾಡಿದರೆ ಇಂಜಿನ್ನೇ ಮೋಟಾರನ್ನು ಅತಿ ವೇಗದಲ್ಲಿ ತಿರುಗಿಸಿ ಹಾಳು ಮಾಡುತ್ತೆ.

2. ಬೋಲ್ಟ್ ಮತ್ತು ತೂತಿನ ಥ್ರೆಡ್‌ನಿಂದ ಹಳೇ ಆಯಿಲ್, ಹಳೇ ಲಾಕರ್ ಪೂರ್ತಿ ತೆಗೆದು ಒಣಗಿಸಿ. ಹೊಸ ಥ್ರೆಡ್ ಲಾಕರ್ ಹಚ್ಚಿ. ಒಂದು ಬಿಟ್ಟು ಎದುರಿನದು ಅನ್ನುವ ಹಾಗೆ ಸಮನಾಗಿ ಬಿಗಿಯಿರಿ. ಎಷ್ಟು ಬಿಗಿ ಅನ್ನೋದು ಕೈ ಅಂದಾಜಿಗೆ ಬೇಡ, ಮ್ಯಾನುಯಲ್‌ನಲ್ಲಿರುವ ಟಾರ್ಕ್ ಸಂಖ್ಯೆಯಂತೆ ಇರಲಿ.

3. ರೋಲರ್‌ಗಳಿಗೆ ಹೊಸ ಇಂಜಿನ್ ಆಯಿಲ್ ಹಚ್ಚಿ. ಗ್ರೀಸ್ ಬೇಡ. ಗ್ರೀಸ್ ಅಂಟಿಕೊಂಡು ರೋಲರ್ ಸರಿಯಾಗಿ ಆಡಲ್ಲ.

4. ಗೇರನ್ನು ಸಲೀಸು ದಿಕ್ಕಿಗೆ ತಿರುಗಿಸುತ್ತಾ ಕೂರಿಸಿ. ಲಾಕ್ ಪರೀಕ್ಷೆ ಮತ್ತೊಮ್ಮೆ ಮಾಡಿ.

5. ಕ್ರ್ಯಾಂಕ್‌ನ ಇಳಿಜಾರು ತುದಿ ಮತ್ತು ಫ್ಲೈವೀಲ್ ತೂತಿನ ಒಳಗೆ ಆಯಿಲ್ ಇರಬಾರದು. ಬ್ರೇಕ್ ಕ್ಲೀನರ್ ಹಾಕಿ ಒಣಗಿಸಿ. ಫ್ಲೈವೀಲ್ ಹಿಡಿದಿಡೋದು ಈ ಎರಡು ಮೈಗಳ ಬಿಗಿ. ಆ ಚಿಕ್ಕ ಕೀ ಇರೋದು ಜಾಗ ಸರಿ ಇಡೋಕೆ ಮಾತ್ರ.

6. ಕೀ ಕೂರಿಸಿ, ಮ್ಯಾಗ್ನೆಟ್‌ಗೆ ಯಾವುದೇ ಉಕ್ಕಿನ ಚೂರು ಅಂಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಫ್ಲೈವೀಲ್ ಹಾಕಿ. ಮಧ್ಯದ ನಟ್ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿಯಬೇಡಿ.

7. ಐಡ್ಲರ್ ಗೇರ್, ವಾಷರ್, ಡೋವೆಲ್ ಪಿನ್ ಜಾಗದಲ್ಲಿ ಇವೆಯಾ ನೋಡಿ. ಹಳೇ ಗ್ಯಾಸ್ಕೆಟ್ ಕೆರೆದು ಸ್ವಚ್ಛ ಮಾಡಿ ಹೊಸದು ಹಾಕಿ. ಕವರ್ ಕೂರಿಸುವಾಗ ಮ್ಯಾಗ್ನೆಟ್ ಎಳೆತಕ್ಕೆ ಮತ್ತೆ ಬೆರಳು ಜೋಪಾನ. ಬೋಲ್ಟ್‌ಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ.

8. ಫಿಲ್ಟರ್, ಆಯಿಲ್ ಹಾಕಿ. ಕೂಲಂಟ್ ಇಳಿಸಿದ್ದರೆ ತುಂಬಿ. ವೈರ್ ಕಪ್ಲರ್ ಸೇರಿಸಿ. ಬ್ಯಾಟರಿ ನೆಗೆಟಿವ್ ಕೊನೆಗೆ ಜೋಡಿಸಿ.

9. ಮೊದಲು ಒಂದೆರಡು ಸೆಕೆಂಡ್ ಮಾತ್ರ ಸೆಲ್ಫ್ ಒತ್ತಿ ಸದ್ದು ಕೇಳಿ. ಸರಿ ಇದ್ದರೆ ಸ್ಟಾರ್ಟ್ ಮಾಡಿ. ಆಯಿಲ್ ಸೋರುತ್ತಾ ನೋಡಿ. ಇಂಜಿನ್ ತಣ್ಣಗಿದ್ದಾಗ ಮೂರು ಸಲ, ಬಿಸಿಯಾದ ಮೇಲೆ ಮೂರು ಸಲ ಪರೀಕ್ಷಿಸಿದ ಮೇಲೆಯೇ ಗಾಡಿ ಬಿಡಿ. ಚಾರ್ಜಿಂಗ್ ಕೂಡ ನೋಡಿ. ಇಂಜಿನ್ ಸ್ವಲ್ಪ ರೇಸ್ ಮಾಡಿದಾಗ ಬ್ಯಾಟರಿ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಬರಲಿಲ್ಲ ಅಂದ್ರೆ ಬ್ಯಾಟರಿ ಮತ್ತೆ ವೀಕ್ ಆಗುತ್ತೆ, ಹೊಸ ಕ್ಲಚ್ ಕೂಡ ಹಳೇ ದಾರಿ ಹಿಡಿಯುತ್ತೆ.

ಬೈಕ್, ಸ್ಕೂಟರ್ ಇರುವವರು ಗಮನಿಸಿ

ರಾಯಲ್ ಎನ್‌ಫೀಲ್ಡ್‌ನ ಹಳೇ 350 ಸಿಸಿ ಯುಸಿಇ ಇಂಜಿನ್ ಬುಲೆಟ್, ಕ್ಲಾಸಿಕ್‌ಗಳಲ್ಲಿ ಸೆಲ್ಫ್ ಇರುವ ಗಾಡಿಗಳಿಗೆ ಎಡಗಡೆ ಮ್ಯಾಗ್ನೆಟ್ ಹಿಂದೆ ಸ್ಪ್ರ್ಯಾಗ್ ಕ್ಲಚ್ ಇದೆ. ದೊಡ್ಡ ಸಿಂಗಲ್ ಪಿಸ್ಟನ್ ಆದ್ದರಿಂದ ಬ್ಯಾಟರಿ ವೀಕ್ ಇದ್ದಾಗ ಸೆಲ್ಫ್ ಒತ್ತಿದರೆ ಹಿಂದೊದೆತ ಜೋರು. ಇಂಥ ಗಾಡಿಗೆ ಕಿಕ್ ಇದೆ. ಬೆಳಗಿನ ಚಳಿಯಲ್ಲಿ ಮೊದಲ ಸ್ಟಾರ್ಟ್ ಕಿಕ್‌ನಲ್ಲೇ ಮಾಡಿದರೆ ಕ್ಲಚ್ ಬಾಳಿಕೆ ಬರುತ್ತೆ.

ಎಟಿವಿಯಲ್ಲಿ ಈ ಅನುಕೂಲ ಕಡಿಮೆ. ಕೆಲವಕ್ಕೆ ಮಾತ್ರ ಎಳೆಯುವ ಹಗ್ಗ ಇರುತ್ತೆ. ಬೆಲ್ಟ್ ಡ್ರೈವ್ ಇರುವ ಸಿವಿಟಿ ಗಾಡಿಯನ್ನು ಬೈಕ್ ಥರ ತಳ್ಳಿ ಸ್ಟಾರ್ಟ್ ಮಾಡೋಕೂ ಆಗಲ್ಲ. ತೋಟದ ಮಧ್ಯೆ ನಿಂತರೆ ನ್ಯೂಟ್ರಲ್ ಮಾಡಿ ನಿಧಾನಕ್ಕೆ ಎಳೆದು ತರೋದೊಂದೇ ದಾರಿ.

ಇನ್ನು ‘ಸೈಲೆಂಟ್ ಸ್ಟಾರ್ಟ್’ ಸ್ಕೂಟರ್‌ಗಳ ವಿಷಯ. 2020ರ ಜನವರಿಯಲ್ಲಿ ಬಂದ ಆಕ್ಟಿವಾ 6ಜಿಯಂಥ ಗಾಡಿಗಳಲ್ಲಿ ಎಸಿಜಿ ಸ್ಟಾರ್ಟರ್ ಇದೆ. ಅಂದ್ರೆ ಕರೆಂಟ್ ತಯಾರಿಸುವ ಜನರೇಟರೇ ಸ್ಟಾರ್ಟರ್ ಮೋಟಾರ್ ಆಗಿ ಇಂಜಿನನ್ನು ನೇರ ತಿರುಗಿಸುತ್ತೆ. ಅಲ್ಲಿ ಈ ಒನ್‌ವೇ ಕ್ಲಚ್ ಇರೋದೇ ಇಲ್ಲ. ಅಂಥ ಸ್ಕೂಟರ್‌ಗೆ ಸ್ಟಾರ್ಟರ್ ಕ್ಲಚ್ ಹೋಗಿದೆ ಅಂತ ಯಾರಾದ್ರೂ ಬಿಲ್ ಮಾಡಿದರೆ ಒಪ್ಪಬೇಡಿ.

ಸ್ಪೇರ್ ಅಂಗಡಿಯವರಿಗೆ ಒಂದು ಮಾತು

ಎಟಿವಿ ಸ್ಪೇರ್ ತಾಲ್ಲೂಕು ಮಟ್ಟದಲ್ಲಿ ಸ್ಟಾಕ್ ಇರೋದು ಕಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕು. ತಪ್ಪು ಸ್ಪೇರ್ ಬಂದರೆ ವಾಪಸ್ ಕಳಿಸೋದ್ರಲ್ಲೇ ಒಂದು ವಾರ ಹೋಗುತ್ತೆ. ಆರ್ಡರ್ ಕೊಡುವ ಮುಂಚೆ ಇಷ್ಟು ಬರೆದುಕೊಳ್ಳಿ: ಇಂಜಿನ್ ನಂಬರ್, ಫ್ರೇಮ್ ನಂಬರ್, ದೊಡ್ಡ ಗೇರಿನ ಹಲ್ಲಿನ ಸಂಖ್ಯೆ, ಹಬ್‌ನ ಹೊರ ಅಳತೆ, ಕ್ಲಚ್‌ನ ಬೋಲ್ಟ್ ತೂತು ಎಷ್ಟು, ರೋಲರ್ ಮಾದರಿಯಾ ಸ್ಪ್ರ್ಯಾಗ್ ಮಾದರಿಯಾ. ಹಬ್ ಅಳತೆಗೆ ವರ್ನಿಯರ್ ಬಳಸಿ, ಟೇಪ್ ಸಾಲದು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಬೆಣೆ ಹಿಡಿಯಲ್ಲ. ಎದುರಿಗೆ ಹಳೇ ಪಾರ್ಟ್ ಇಟ್ಟು ಹೋಲಿಸಿ ನೋಡೋದು ಎಲ್ಲಕ್ಕಿಂತ ಒಳ್ಳೇದು.

ಇಳಿಸಿದ ಹಳೇ ಆಯಿಲ್ ಚರಂಡಿಗೆ, ತೋಡಿಗೆ ಚೆಲ್ಲಬೇಡಿ. ನಮ್ಮ ಕಡೆಯ ಹಳ್ಳಗಳ ನೀರು ಕೊನೆಗೆ ಸೇರೋದು ಹೇಮಾವತಿಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬಳಸಿದ ಆಯಿಲ್ ಕೂಡ ಬರುತ್ತೆ. ಮುಚ್ಚಳ ಇರುವ ಕ್ಯಾನ್‌ನಲ್ಲಿ ಕೂಡಿಟ್ಟು ಅಧಿಕೃತ ಮರುಬಳಕೆದಾರರಿಗೆ ಕೊಡಬೇಕು.

ಬಿಲ್ ಇಟ್ಟುಕೊಳ್ಳಿ, ಹಳೇ ಪಾರ್ಟ್ ಕೇಳಿ

ಕೆಲಸ ಗ್ಯಾರೇಜ್‌ಗೆ ಕೊಟ್ಟರೆ ಮೂರು ವಿಷಯ ಮೊದಲೇ ಮಾತಾಡಿಕೊಳ್ಳಿ. ಸ್ಪೇರ್ ಎಷ್ಟು, ಲೇಬರ್ ಎಷ್ಟು ಅಂತ ಬೇರೆ ಬೇರೆ ಬರೆದ ಅಂದಾಜು. ಬದಲಿಸಿದ ಹಳೇ ಭಾಗಗಳು ವಾಪಸ್. ಹೊಸ ಕ್ಲಚ್ ಜಾರಿದರೆ ಎಷ್ಟು ದಿನದವರೆಗೆ ಜವಾಬ್ದಾರಿ ಅನ್ನೋದು. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳಲ್ಲ. ಬಿಚ್ಚಿದ ಗೇರಿನ ಹಬ್ ತೋರಿಸಿ ಅಂದ್ರೆ ಅವನೇ ಖುಷಿಯಾಗಿ ತೋರಿಸ್ತಾನೆ.

ಮಾಡದ ಕೆಲಸಕ್ಕೆ ದುಡ್ಡು ಪಡೆದರೆ ಅಥವಾ ಕೆಲಸ ಹಾಳು ಮಾಡಿದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಘಟನೆ ನಡೆದ 2 ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹೋಮ್‌ಸ್ಟೇ ಮಾಲೀಕರು ಇಲ್ಲೊಂದು ಸೂಕ್ಷ್ಮ ತಿಳಿದಿರಬೇಕು. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಗೆ ಕಾಯ್ದೆಯಲ್ಲಿ ‘ಗ್ರಾಹಕ’ ಅನ್ನುವ ಸ್ಥಾನ ಸಿಗಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಬಳಸುವವರಿಗೆ ವಿನಾಯಿತಿ ಇದೆ. ಆದ್ದರಿಂದ ವಿವಾದ ಆದ ಮೇಲೆ ಓಡಾಡೋದಕ್ಕಿಂತ ಮೊದಲೇ ಬರಹದಲ್ಲಿ ಒಪ್ಪಂದ ಇಟ್ಟುಕೊಳ್ಳೋದು ಲೇಸು.

ರಿಪೇರಿ ಆದ ಖುಷಿಯಲ್ಲಿ ಎಟಿವಿಯನ್ನು ಟ್ರಯಲ್‌ಗೆ ಮುಖ್ಯರಸ್ತೆಗೆ ತರಬೇಡಿ. ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಅಡಿ ನಿಷೇಧ ಇದೆ. ತೋಟಕ್ಕೆ, ರೈಡ್‌ಗೆ ಅಂತ ತಂದ ಹೆಚ್ಚಿನ ಎಟಿವಿಗಳಿಗೆ ನೋಂದಣಿ ಇರಲ್ಲ. ಅಪಘಾತ ಆದರೆ ವಿಮೆ ಇಲ್ಲದೆ ಪರಿಹಾರದ ಹೊರೆ ಪೂರ್ತಿ ಮಾಲೀಕನ ತಲೆ ಮೇಲೆ.

ನೆನಪಿನಲ್ಲಿರಲಿ

* ಮಳೆಗಾಲದಲ್ಲಿ ಗಾಡಿ ನಿಲ್ಲಿಸುವಾಗ ಬ್ಯಾಟರಿ ನೆಗೆಟಿವ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ.

* ಸೆಲ್ಫ್ ಒಮ್ಮೆಗೆ 5 ಸೆಕೆಂಡ್ ಮಾತ್ರ.

* ‘ಕಡ್ ಕಡ್’ ಸದ್ದು ಶುರುವಾದ ವಾರದಲ್ಲೇ ಬಿಚ್ಚಿಸಿ. ಆಗ ಕ್ಲಚ್ ಖರ್ಚಷ್ಟೇ. ತಡ ಮಾಡಿದರೆ ಗೇರ್ ಕೂಡ ಸೇರುತ್ತೆ.

* ಪುಲ್ಲರ್, ಟಾರ್ಕ್ ರೆಂಚ್ ಇಲ್ಲದಿದ್ದರೆ ಮನೆಯಲ್ಲಿ ಬಿಚ್ಚೋಕೆ ಹೋಗಬೇಡಿ. ಎರಡೂ ಇರುವ ಗ್ಯಾರೇಜ್ ಹುಡುಕಿ.